ತಟ್ಟೆ ಯಾರದು?

ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮಗೆ ಹೊಸದಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಹಿತ್ತಾಳೆಯ ಬಿಂದಿಗೆಯನ್ನೋ ಸ್ಟೀಲಿನ ತಟ್ಟೆಯನ್ನೋ ತಿರುಗಿಸಿ ನೋಡಿದರೆ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಲ್ಲಿ ಒಂದು ಹೆಸರು, ಒಂದು ಇಸವಿ ಕಾಣಸಿಗುತ್ತದೆ. ಆ ಹೆಸರು ಕೊಟ್ಟವರದ್ದಾಗಿರುತ್ತದೆ, ಇಲ್ಲವೇ ಪಡೆದವರದ್ದಾಗಿರುತ್ತದೆ. ಪಾತ್ರೆಯನ್ನು ಮಾಡಿದವನ ಹೆಸರು ಅಲ್ಲಿರುವುದಿಲ್ಲ. ಇರಬೇಕೆಂದು ಯಾರೂ ಕೇಳುವುದೂ ಇಲ್ಲ. ನೆರೆಮನೆಯವರು ಎರವಲು ಒಯ್ದದ್ದು ಮರಳಿ ಬರುವಾಗ ಅದಲುಬದಲಾಗದಿರಲೆಂಬುದಷ್ಟೇ ನಮ್ಮ ಉದ್ದೇಶವಾದ್ದರಿಂದ, ಅಷ್ಟರಮಟ್ಟಿಗೆ ಅದು ಸರಿಯೇ. ಆದರೆ ಅದೇ ಪಾತ್ರೆ ಮುನ್ನೂರು ವರ್ಷಗಳ ಮೇಲೆ ಒಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಾಗಲೂ ಹೆಸರು ಕೊರೆಸಿದವನನ್ನು ಮಾತ್ರ ನೆನೆಯಬೇಕೆ? ಈ ಪ್ರಶ್ನೆಯನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವುದಕ್ಕಾಗಿ ದೂರದ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ಚೀನಾದೇಶದಲ್ಲಿ ತಯಾರಾಗಿ, ಯೂರೋಪಿನ ಮನೆತನಗಳ ಕುಲಲಾಂಛನಗಳನ್ನು ಹೊತ್ತು, ಹಡಗು ಹತ್ತಿ ಹೋದ ಪಿಂಗಾಣಿ ತಟ್ಟೆಗಳ ಕಥೆ ಅದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೊದಲಾದ ಕಡೆಗಳಲ್ಲಿ ಇಂಥ ತಟ್ಟೆಗಳನ್ನು ಜೋಪಾನವಾಗಿ ಇರಿಸಿದ್ದಾರೆ. ಹಾಲಿನಂಥ ಬಿಳುಪು, ಅಂಚಿಗೆ ಬಂಗಾರದ ಗೆರೆ, ನಟ್ಟನಡುವೆ ಒಂದು ಗುರಾಣಿ. ಗುರಾಣಿಯೊಳಗೆ ಎದ್ದು ನಿಂತ ಸಿಂಹವೋ ಹದ್ದೋ ಮೂರು ನಕ್ಷತ್ರಗಳೋ ಇರುತ್ತವೆ. ಮೇಲೆ ಶಿರಸ್ತ್ರಾಣ, ಕೆಳಗೆ ಪಟ್ಟಿಯ ಮೇಲೆ ಲ್ಯಾಟಿನ್ ಭಾಷೆಯ ಧ್ಯೇಯವಾಕ್ಯ. ಇವೆಲ್ಲ ಹನ್ನೆರಡನೆಯ ಶತಮಾನದ ಯೂರೋಪಿನ ರಣರಂಗದಿಂದ ಬಂದವು. ಶಿರಸ್ತ್ರಾಣ ಮುಖವನ್ನು ಮುಚ್ಚಿದಾಗ ನಮ್ಮವನು ಯಾರು, ಎದುರಾಳಿ ಯಾರು ಎಂದು ತಿಳಿಯಲು ಗುರಾಣಿಯ ಮೇಲೆ ಗುರುತು ಬೇಕಾಯಿತು. ಕಾಳಗದ ರೀತಿ ಬದಲಾದ ಮೇಲೂ ಗುರುತು ಉಳಿಯಿತು. ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿಯಿತು. ಯಾರಿಗೆ ಯಾವ ಲಾಂಛನದ ಹಕ್ಕಿದೆಯೆಂದು ಲೆಕ್ಕವಿಡಲು ಇಂಗ್ಲೆಂಡಿನಲ್ಲಿ 1484ರಲ್ಲಿ ರಾಜಾಜ್ಞೆಯಿಂದ ಒಂದು ಸಂಸ್ಥೆಯೇ ಹುಟ್ಟಿತು. ಕೊನೆಗೆ ಈ ಸಿಂಹಗಳು ಯುದ್ಧವನ್ನು ಬಿಟ್ಟು ಬಾಗಿಲ ಮೇಲೆ, ಸಾರೋಟಿನ ಮೇಲೆ, ಬೆಳ್ಳಿಯ ಚಮಚದ ಮೇಲೆ ಬಂದು ಕುಳಿತವು. ಅಲ್ಲಿಂದ ಊಟದ ತಟ್ಟೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ಆದರೆ ತಟ್ಟೆ ಎಲ್ಲಿಂದ ಬರಬೇಕು? ಹದಿನೆಂಟನೆಯ ಶತಮಾನದ ಆರಂಭದವರೆಗೆ ನಿಜವಾದ ಪಿಂಗಾಣಿಯನ್ನು ಮಾಡುವ ಬಗೆ ಯೂರೋಪಿಗೆ ತಿಳಿದಿರಲಿಲ್ಲ. ಅದನ್ನು ಅವರು ಪೋರ್ಸಲೇನ್ ಎಂದು ಕರೆದದ್ದೇ ಕವಡೆಗೆ ಇಟಲಿಯವರು ಇಟ್ಟಿದ್ದ ಹೆಸರಿನಿಂದ. ಅದರ ನುಣುಪು ಕವಡೆಯ ಬೆನ್ನನ್ನು ನೆನಪಿಗೆ ತಂದಿರಬೇಕು. ಚೀನಾದ ಜಿಯಾಂಗ್‌ಶಿ ಪ್ರಾಂತದ ಜಿಂಗ್‌ಡೆಜೆನ್ ಎಂಬ ಊರಿನ ಕುಂಬಾರರಿಗೆ ಮಾತ್ರ ಅದು ಶತಮಾನಗಳ ಪರಿಚಯದ ಕೆಲಸವಾಗಿತ್ತು. ಗಾವೋಲಿಂಗ್ ಎಂಬ ಗುಡ್ಡದ ಬಿಳಿ ಜೇಡಿಯನ್ನು, ಕುಟ್ಟಿ ಪುಡಿಮಾಡಿ ಇಟ್ಟಿಗೆಯಾಗಿಸಿದ ಇನ್ನೊಂದು ಬಗೆಯ ಕಲ್ಲಿನೊಡನೆ ಬೆರೆಸಿ, ಸುಮಾರು 1,300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ಎರಡೂ ಒಂದಾಗಿ, ಬೆಳಕನ್ನು ಮಸಕಾಗಿ ಒಳಗೆ ಬಿಡುವ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುವ ಪದಾರ್ಥವಾಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದು ಕಾಓಲಿನ್ ಎಂದು ಕರೆಯುವ ಜೇಡಿಗೆ ಆ ಗುಡ್ಡದ ಹೆಸರೇ ನಿಂತಿದೆ. ಊರಿನ ಗುಡ್ಡಕ್ಕಾದರೂ ಈ ಗೌರವ ಸಂದಿದೆ. ಊರಿನ ಜನಕ್ಕೆ ಅದೂ ಸಿಕ್ಕಿಲ್ಲ.

ಮೊದಲು ಬಂದ ಗಿರಾಕಿಗಳು ಪೋರ್ಚುಗೀಸರು. ಅವರು ಚೀನಾದ ತೀರವನ್ನು ಮುಟ್ಟಿದ್ದು 1513ರಲ್ಲಿ. ಕೆಲವೇ ವರ್ಷಗಳಲ್ಲಿ ಅವರ ದೊರೆ ಮೊದಲನೆಯ ಮ್ಯಾನುಯಲ್‌ನ ರಾಜಲಾಂಛನವೂ, ಅವನ ಖಾಸಾ ಗುರುತಾಗಿದ್ದ ಖಗೋಲಯಂತ್ರದ ಚಿತ್ರವೂ ಚೀನೀ ಹೂಜಿಗಳ ಮೇಲೆ ನೀಲಿಬಣ್ಣದಲ್ಲಿ ಮೂಡಿದವು. ಇಂದಿಗೂ ಉಳಿದಿರುವ ಅಂಥ ಒಂದು ಹೂಜಿಯಲ್ಲಿ ರಾಜಲಾಂಛನ ತಲೆಕೆಳಗಾಗಿದೆ! ಅದನ್ನು ಕಂಡು ನಗುವವರಿದ್ದಾರೆ. ಆದರೆ ಕನ್ನಡ ಬಾರದವನ ಕೈಗೆ ಒಂದು ಕನ್ನಡ ಅಕ್ಷರವನ್ನು ಕೊಟ್ಟು ಬರೆಯೆಂದರೆ, ಅದರ ತಲೆಯಾವುದು ಬಾಲವಾವುದು ಎಂದು ಅವನು ಹೇಗೆ ತಿಳಿಯಬೇಕು? ಕ್ಷಣಕಾಲ ನಕ್ಕರೆ ತಪ್ಪಿಲ್ಲ. ನಗುವೇ ನಮ್ಮ ತೀರ್ಪಾಗಬಾರದೆಂಬುದು ನನ್ನ ವಾದ.

ಈ ವ್ಯಾಪಾರ ಉತ್ಕರ್ಷಕ್ಕೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಚಹಾಕ್ಕಾಗಿ ಕ್ಯಾಂಟನ್ ಬಂದರಿಗೆ ಹೋಗುತ್ತಿದ್ದವು. ಚಹಾ ಹಗುರ, ನೀರು ತಾಗಿದರೆ ಕೆಡುತ್ತದೆ. ಪಿಂಗಾಣಿ ಭಾರ, ನೀರು ತಾಗಿದರೆ ಏನೂ ಆಗುವುದಿಲ್ಲ. ಆದ್ದರಿಂದ ಹಡಗಿನ ತಳದಲ್ಲಿ ಪಿಂಗಾಣಿಯ ಪೆಟ್ಟಿಗೆಗಳು, ಅವುಗಳ ಮೇಲೆ ಚಹಾದ ಪೆಟ್ಟಿಗೆಗಳು. ಸಾಧಾರಣ ಸಾಮಾನು ಕಂಪನಿಯ ಲೆಕ್ಕದಲ್ಲಿ ಬರುತ್ತಿತ್ತು. ಲಾಂಛನ ಬರೆಸಿದ ತಟ್ಟೆಗಳು ಹೆಚ್ಚಾಗಿ ಹಡಗಿನ ಕಪ್ತಾನರೂ ಅಧಿಕಾರಿಗಳೂ ತಮ್ಮ ಸ್ವಂತ ವ್ಯಾಪಾರಕ್ಕೆ ಸಿಗುತ್ತಿದ್ದ ಜಾಗದಲ್ಲಿ ತಂದುಕೊಟ್ಟವು. ಮನೆತನದವರು ಲಾಂಛನದ ಚಿತ್ರವನ್ನು ಬರೆಸಿ ಕೊಡುತ್ತಿದ್ದರು. ಅದಿಲ್ಲದಿದ್ದರೆ ಪುಸ್ತಕದ ಒಳರಟ್ಟಿಗೆ ಅಂಟಿಸುವ ಒಡೆತನದ ಚೀಟಿಯನ್ನೇ ಕೊಡುತ್ತಿದ್ದರು. ಚಿತ್ರ ಹೋಗಿ ತಟ್ಟೆ ಮರಳುವ ಹೊತ್ತಿಗೆ ಎರಡು ವರ್ಷವೋ ಅದಕ್ಕೂ ಹೆಚ್ಚೋ ಕಳೆದಿರುತ್ತಿತ್ತು. ಓಕೋವರ್ ಎಂಬ ಇಂಗ್ಲಿಷ್ ಮನೆತನದ ತಟ್ಟೆಗಳು 1740ರ ಆಸುಪಾಸಿನಲ್ಲಿ ತಯಾರಾದವು. ಅವುಗಳಿಗೆ ಮಾದರಿಯಾಗಿ ಕಳಿಸಿದ ವರ್ಣಚಿತ್ರವೂ ಉಳಿದುಬಂದಿದೆ. ಮಾದರಿಯನ್ನೂ ತಟ್ಟೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಚೀನೀ ಚಿತ್ರಕಾರನ ಕೈ ಎಂಥದೆಂಬುದು ಬೇರೆ ಹೇಳಬೇಕಾಗಿಲ್ಲ.

ಇನ್ನು ಆ ಕೈಗಳ ವಿಷಯ. ಫ್ರಾಂಸ್ವಾ ಗ್ಸಾವಿಯೆ ದಾಂತ್ರಕೋಲ್ ಎಂಬ ಫ್ರೆಂಚ್ ಜೆಸ್ಯೂಟ್ ಪಾದ್ರಿ 1712ರಲ್ಲಿ ಮತ್ತು 1722ರಲ್ಲಿ ಬರೆದ ಎರಡು ಪತ್ರಗಳಿಂದ ಜಿಂಗ್‌ಡೆಜೆನ್ನಿನ ಕೆಲಸ ನಮಗೆ ಕಣ್ಣಿಗೆ ಕಟ್ಟುತ್ತದೆ. ಆ ಊರಿನಲ್ಲಿ ಹದಿನೆಂಟು ಸಾವಿರ ಸಂಸಾರಗಳು, ಮೂರು ಸಾವಿರ ಆವಿಗೆಗಳು ಇದ್ದುವೆಂದು ಅವನು ಬರೆದಿದ್ದಾನೆ. ಲೆಕ್ಕ ಸ್ವಲ್ಪ ಉತ್ಪ್ರೇಕ್ಷೆಯೇ ಇರಲಿ. ರಾತ್ರಿ ಹೊತ್ತು ಊರಿಗೆ ಊರೇ ಹೊತ್ತಿ ಉರಿಯುವಂತೆ ಕಾಣುತ್ತಿತ್ತೆಂಬ ಅವನ ವರ್ಣನೆಯನ್ನು ನಂಬಲು ಅಡ್ಡಿಯಿಲ್ಲ. ಅವನು ತಿಳಿಸುವ ಇನ್ನೊಂದು ಸಂಗತಿ ಬಹು ಮುಖ್ಯವಾದದ್ದು. ಒಂದು ಬಟ್ಟಲು ಪೂರ್ತಿಯಾಗುವ ಹೊತ್ತಿಗೆ ಸುಮಾರು ಎಪ್ಪತ್ತು ಜನರ ಕೈ ದಾಟುತ್ತಿತ್ತಂತೆ. ಜೇಡಿ ತುಳಿಯುವವನು ಬೇರೆ, ತಿಗರಿಯ ಮೇಲೆ ಎತ್ತುವವನು ಬೇರೆ, ಅಚ್ಚಿಗೆ ಒತ್ತಿ ತಿದ್ದುವವನು ಬೇರೆ. ಚಿತ್ರದಲ್ಲಿಯೂ ಅಷ್ಟೆ: ಅಂಚಿನ ಗೆರೆ ಎಳೆಯುವವನು ಗೆರೆಯನ್ನೇ ಎಳೆಯುತ್ತಿದ್ದ, ಹೂವಿನ ರೇಖೆ ಬರೆಯುವವನು ಬಣ್ಣ ತುಂಬುತ್ತಿರಲಿಲ್ಲ. ಒಬ್ಬ ಬೆಟ್ಟ ಮತ್ತು ನೀರನ್ನು, ಇನ್ನೊಬ್ಬ ಹಕ್ಕಿ ಮತ್ತು ಪ್ರಾಣಿಗಳನ್ನು ಬರೆಯುತ್ತಿದ್ದ.

ಹದಿನೆಂಟನೆಯ ಶತಮಾನದ ನಡುಭಾಗದಿಂದ ಲಾಂಛನ ಬರೆಯುವ ಕೆಲಸದ ಬಹುಭಾಗ ಕ್ಯಾಂಟನ್ನಿಗೆ ವರ್ಗವಾಯಿತು. ಬಣ್ಣವಿಲ್ಲದ ಬಿಳಿಯ ತಟ್ಟೆಗಳು ಜಿಂಗ್‌ಡೆಜೆನ್ನಿನಿಂದ ದೋಣಿಯಲ್ಲಿ ಹೊರಟು, ಪೋಯಾಂಗ್ ಸರೋವರವನ್ನು ಹೊಕ್ಕು, ಗಾನ್ ನದಿಯಲ್ಲಿ ತೆಂಕಣಕ್ಕೆ ಸಾಗಿ, ಮೇಯ್‌ಲಿಂಗ್ ಕಣಿವೆಯ ದಾರಿಯನ್ನು ಕೂಲಿಯವರ ಹೆಗಲ ಮೇಲೆ ದಾಟಿ, ಮತ್ತೆ ದೋಣಿಯೇರಿ ಕ್ಯಾಂಟನ್ ಸೇರುತ್ತಿದ್ದವು. ಅಲ್ಲಿ ಗಾಜಿನ ಬಣ್ಣಗಳಿಂದ ಲಾಂಛನವನ್ನು ಬರೆದು, ಕಡಮೆ ಶಾಖದಲ್ಲಿ ಇನ್ನೊಮ್ಮೆ ಸುಡುತ್ತಿದ್ದರು. ಮುಂದೆ ಕಲ್ಕತ್ತೆಯಲ್ಲಿ ವಕೀಲಿ ಮಾಡಿ ಹೆಸರಾದ ವಿಲಿಯಂ ಹಿಕಿ 1769ರಲ್ಲಿ ಇಂಥ ಒಂದು ಕಾರ್ಯಾಗಾರವನ್ನು ನೋಡಿದ್ದ. ಒಂದೇ ಉದ್ದನೆಯ ಪಡಸಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಂದಿ ಕುಳಿತು ಬಣ್ಣ ಹಾಕುತ್ತಿದ್ದರೆಂದೂ, ಅವರಲ್ಲಿ ತೀರ ಮುದುಕರೂ, ಆರೇಳು ವರ್ಷದ ಮಕ್ಕಳೂ ಇದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಯಾವುದೋ ಜಹಗೀರಿನ ಪ್ರಭುವಿನ ಸಿಂಹದ ಬಾಲಕ್ಕೆ ಕೆಂಪು ಹಚ್ಚಿದ ಕೈ ಆರು ವರ್ಷದ ಮಗುವಿನದಾಗಿದ್ದಿರಬಹುದು. ಇದನ್ನು ತಿಳಿದ ಮೇಲೆ ಆ ತಟ್ಟೆಯನ್ನು ಬರಿಯ ಸೌಂದರ್ಯದ ವಸ್ತುವೆಂದು ಹೊಗಳುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ.

ಈಗ ಆ ನಗೆಯ ಪ್ರಶ್ನೆಗೆ ಬರೋಣ. ಲಾಂಛನದಲ್ಲಿ ಬಣ್ಣಕ್ಕೆ ಅರ್ಥವಿದೆ. ಕಪ್ಪುಮಸಿಯ ಅಚ್ಚಿನಲ್ಲಿ ಬಣ್ಣ ತೋರಿಸಲಾಗದ್ದರಿಂದ ಯೂರೋಪಿನವರು ಒಂದು ಸಂಕೇತವನ್ನು ಕಟ್ಟಿಕೊಂಡಿದ್ದರು: ಲಂಬವಾದ ಗೆರೆಗಳೆಂದರೆ ಕೆಂಪು, ಅಡ್ಡಗೆರೆಗಳೆಂದರೆ ನೀಲಿ, ಚುಕ್ಕೆಗಳೆಂದರೆ ಬಂಗಾರ. ಅಂಥ ಅಚ್ಚಿನ ಚೀಟಿಯನ್ನು ಕ್ಯಾಂಟನ್ನಿಗೆ ಕಳಿಸಿದಾಗ ಅಲ್ಲಿಯ ಚಿತ್ರಕಾರ ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ ಬರೆದುಕೊಟ್ಟ. ಇನ್ನು ಕೆಲವರು ನಕ್ಷೆಯ ಆಯಾ ಭಾಗದಲ್ಲಿ ಬಣ್ಣದ ಹೆಸರನ್ನು ಅಕ್ಷರದಲ್ಲಿ ಬರೆದು ಕಳಿಸಿದರು. ಆ ಅಕ್ಷರಗಳೇ ಅಂದವಾಗಿ ತಟ್ಟೆಯ ಮೇಲೆ ಮೂಡಿ ಬಂದ ಉದಾಹರಣೆಗಳೂ ಉಂಟು. ಎರಡು ವರ್ಷ ಕಾದು ಪೆಟ್ಟಿಗೆ ಬಿಚ್ಚಿದ ಯಜಮಾನನ ಮುಖವನ್ನು ಊಹಿಸಿಕೊಂಡರೆ ನಗು ಬರುವುದು ಸಹಜ.

ಆದರೆ ಈ ತಪ್ಪು ಯಾರದು? ಓದಲು ಬಾರದ ಭಾಷೆಯಲ್ಲಿ, ವಿವರಣೆಯಿಲ್ಲದೆ, ಭೂಮಿಯ ಇನ್ನೊಂದು ಮಗ್ಗುಲಿನಿಂದ ಬಂದ ಒಂದು ಕಾಗದವನ್ನು ಹಿಡಿದು ಕುಳಿತವನು ಎರಡರಲ್ಲಿ ಒಂದನ್ನು ಮಾಡಬಹುದಿತ್ತು: ತನಗೆ ತೋರಿದಂತೆ ತಿದ್ದಬಹುದಿತ್ತು, ಇಲ್ಲವೇ ಇದ್ದದ್ದನ್ನು ಇದ್ದಂತೆ ಬರೆಯಬಹುದಿತ್ತು. ತಿದ್ದಿದ್ದರೆ ಗಿರಾಕಿ ಸುಮ್ಮನಿರುತ್ತಿದ್ದನೆ? ಒಂದು ಗೆರೆ ಹೆಚ್ಚಾದರೆ ಅಣ್ಣನ ಮನೆತನ ತಮ್ಮನದಾಗುತ್ತದೆ. ಬಣ್ಣ ಬದಲಾದರೆ ಲಾಂಛನವೇ ಬೇರೆಯವರದಾಗುತ್ತದೆ. ಚಿತ್ರಕಾರ ಎರಡನೆಯ ದಾರಿಯನ್ನು ಹಿಡಿದ. ಅರ್ಥವಾಗದ್ದನ್ನು ಕೈಬಿಡದೆ, ತನ್ನದೇನನ್ನೂ ಸೇರಿಸದೆ, ಕೊಟ್ಟದ್ದನ್ನು ನಿಷ್ಠೆಯಿಂದ ಕೊಟ್ಟ. ಹಳೆಯ ತಾಳೆಗರಿಯ ಪ್ರತಿಕಾರರಲ್ಲಿ ಈ ಗುಣ ಕಂಡರೆ ನಮ್ಮ ಸಂಪಾದಕರು ಅವರಿಗೆ ಕೈಮುಗಿಯುತ್ತಾರೆ. ಚೀನೀ ಕುಶಲಕರ್ಮಿಯಲ್ಲಿ ಅದೇ ಗುಣ ಹಾಸ್ಯಕ್ಕೆ ವಸ್ತುವಾಗುವುದು ನ್ಯಾಯವೆ?

ನಗೆಗಿಂತಲೂ ಗಂಭೀರವಾದ ಆಪಾದನೆ ಇನ್ನೊಂದಿದೆ. ಅಮೆರಿಕದ ಮೊತ್ತಮೊದಲ ಚೀನಾಯಾತ್ರೆಯ ಹಡಗು 'ಎಂಪ್ರೆಸ್ ಆಫ್ ಚೈನಾ' 1784ರಲ್ಲಿ ಕ್ಯಾಂಟನ್ ತಲುಪಿತು. ಅದರ ವ್ಯಾಪಾರದ ಹೊಣೆ ಹೊತ್ತವರಲ್ಲಿ ಸ್ಯಾಮ್ಯುಯಲ್ ಶಾ ಒಬ್ಬ. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಅಧಿಕಾರಿಗಳ ಸಿನ್ಸಿನಾಟಿ ಸಂಘದ ಲಾಂಛನವನ್ನು ಪಿಂಗಾಣಿಯ ಮೇಲೆ ಬರೆಸಬೇಕೆಂದು ಅವನ ಆಸೆ. ಹಲವು ಮೂರ್ತಿಗಳ ಬೇರೆ ಬೇರೆ ಚಿತ್ರಗಳನ್ನು ಕೊಟ್ಟು, ಎಲ್ಲವನ್ನೂ ಸೇರಿಸಿ ಒಂದು ದೃಶ್ಯ ರಚಿಸೆಂದು ಕ್ಯಾಂಟನ್ನಿನ ಹೆಸರಾಂತ ಚಿತ್ರಕಾರನಿಗೆ ಹೇಳಿದ. ಆತ ಒಂದೊಂದು ಮೂರ್ತಿಯನ್ನೂ ಕೂದಲೆಳೆ ತಪ್ಪದೆ ನಕಲು ಮಾಡಿದನಂತೆ. ಆದರೆ ಅವುಗಳನ್ನು ಒಂದು ದೃಶ್ಯವಾಗಿ ಕೂಡಿಸಲು ಅವನಿಂದ ಆಗಲಿಲ್ಲವಂತೆ. ಇದರಿಂದ ಶಾ ಏನು ತೀರ್ಮಾನಕ್ಕೆ ಬಂದ? ಚೀನೀಯರು ಅನುಕರಣದಲ್ಲಿ ನಿಪುಣರು, ಸ್ವಂತ ಪ್ರತಿಭೆ ಅವರಲ್ಲಿ ಹೆಚ್ಚಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡ. ಕೊನೆಗೆ ತಯಾರಾದ ತಟ್ಟೆಗಳ ಒಂದು ಸೆಟ್ಟನ್ನು, ಒಟ್ಟು 302 ಸಾಮಾನುಗಳನ್ನು, 1786ರಲ್ಲಿ ಜಾರ್ಜ್ ವಾಷಿಂಗ್ಟನ್ 150 ಡಾಲರಿಗೆ ಕೊಂಡ. ತಟ್ಟೆಗಳು ಮೆಚ್ಚಿಕೆಯಾದವು, ಮಾಡಿದವನ ಮೇಲೆ ಬಂದ ದೂರು ಮಾತ್ರ ಹಾಗೆಯೇ ಉಳಿಯಿತು.

ಈ ತೀರ್ಮಾನವನ್ನು ನಾನು ಒಪ್ಪಲಾರೆ. ಗ್ರೀಸ್ ರೋಮ್‌ಗಳ ದೇವತೆಗಳನ್ನು ಒಮ್ಮೆಯೂ ಕೇಳಿ ಅರಿಯದವನು ಅವರನ್ನು ಒಬ್ಬರ ಪಕ್ಕದಲ್ಲಿ ಒಬ್ಬರನ್ನು ಹೇಗೆ ನಿಲ್ಲಿಸಬೇಕು? ಯಾರು ಹಿರಿಯರು, ಯಾರು ಕಿರಿಯರು, ಯಾರು ಯಾರಿಗೆ ಏನು ಕೊಡುತ್ತಿದ್ದಾರೆ ಎಂಬುದು ತಿಳಿಯದೆ ದೃಶ್ಯ ಕೂಡಿಬರುವುದು ಹೇಗೆ? ಬೋಸ್ಟನ್ನಿನ ಒಬ್ಬ ಚಿತ್ರಗಾರನ ಕೈಗೆ ಚೀನಾದ ಎಂಟು ಅಮರರ ಚಿತ್ರಗಳನ್ನು ಬಿಡಿಬಿಡಿಯಾಗಿ ಕೊಟ್ಟು, ಸಂದರ್ಭ ಹೇಳದೆ, ಸೇರಿಸಿ ಬರೆಯೆಂದಿದ್ದರೆ ಅವನೇನು ಮಾಡುತ್ತಿದ್ದನೋ ಶಾ ಯೋಚಿಸಲಿಲ್ಲ. ಅಷ್ಟೇ ಅಲ್ಲ. ಎರಡು ಶತಮಾನಗಳ ಕಾಲ ಯೂರೋಪಿನ ಗಿರಾಕಿಗಳು ಈ ಚಿತ್ರಕಾರರಿಂದ ಬೇಡಿದ್ದು ನಕಲನ್ನೇ. ಹಣ ಕೊಟ್ಟದ್ದು ನಕಲಿಗೇ. ನಕಲು ತಪ್ಪಿದರೆ ಮಾಲನ್ನು ಒಲ್ಲೆವೆಂದರು. ಕೊನೆಗೆ ಒಂದು ದಿನ, ಇವರಿಗೆ ಸ್ವಂತಿಕೆಯಿಲ್ಲವೆಂದು ಷರಾ ಬರೆದರು!

ಈ ನ್ಯಾಯ ನಮಗೆ ಅಪರಿಚಿತವೇನಲ್ಲ. ತರಗತಿಯಲ್ಲಿ ಟಿಪ್ಪಣಿ ಹೇಳಿ ಬರೆಸುವುದೂ, ಅದನ್ನು ಅಕ್ಷರ ತಪ್ಪದೆ ಉತ್ತರಪತ್ರಿಕೆಯಲ್ಲಿ ಒಪ್ಪಿಸಿದವನಿಗೆ ಅಂಕ ಕೊಡುವುದೂ, ಆಮೇಲೆ ವಾರ್ಷಿಕೋತ್ಸವದ ವೇದಿಕೆಯಿಂದ ಇಂದಿನ ವಿದ್ಯಾರ್ಥಿಗಳಲ್ಲಿ ಸ್ವತಂತ್ರ ವಿಚಾರವಿಲ್ಲವೆಂದು ಮರುಗುವುದೂ ನಾಡಿನ ಕಾಲೇಜುಗಳಲ್ಲಿ ನಡೆದುಬಂದ ಸಂಪ್ರದಾಯ. ಗುರುಗಳು ಮುನಿಯಬಾರದು. ಯಾವುದಕ್ಕೆ ಬೆಲೆ ಕಟ್ಟುತ್ತೇವೆಯೋ ಅದೇ ಬೆಳೆಯುತ್ತದೆಂಬುದಷ್ಟೇ ನನ್ನ ಬಿನ್ನಹ. ಅವಕಾಶವನ್ನು ಮುಚ್ಚಿಟ್ಟು, ಸಾಮರ್ಥ್ಯವಿಲ್ಲವೆಂದು ಹೇಳುವುದು ಕ್ಯಾಂಟನ್ನಿನಲ್ಲಿಯೂ ತಪ್ಪು, ಕಾಲೇಜಿನಲ್ಲಿಯೂ ತಪ್ಪು.

ಅವಕಾಶ ಸಿಕ್ಕಾಗ ಆ ಕೈ ಏನು ಮಾಡಬಲ್ಲುದೆಂಬುದಕ್ಕೆ ಸಾಕ್ಷಿಯೂ ಇದೆ. ಇಂಗ್ಲೆಂಡಿನ ಶ್ರಾಪ್‌ಶೈರಿನ ಕೋಟನ್ ಗ್ರಾಮದ ಲೀ ಮನೆತನಕ್ಕಾಗಿ ಸುಮಾರು 1735ರಲ್ಲಿ ಮಾಡಿದ ತಟ್ಟೆಗಳ ನಡುವೆ ಎಂದಿನಂತೆ ಲಾಂಛನವಿದೆ. ಅಂಚಿನಲ್ಲಿ ಮಾತ್ರ ಎರಡು ಊರುಗಳ ಪುಟ್ಟ ನೋಟಗಳಿವೆ: ಥೇಮ್ಸ್ ನದಿಯ ದಡದ ಲಂಡನ್ ಒಂದು, ಮುತ್ತಿನ ನದಿಯ ದಡದ ಕ್ಯಾಂಟನ್ ಇನ್ನೊಂದು. ಒಂದೇ ತಟ್ಟೆಯ ಅಂಚಿನಲ್ಲಿ ಎರಡು ನದಿಗಳು, ಸರಿಸಮಾನವಾಗಿ! ನಾನು ಓದಿರುವ ವ್ಯಾಪಾರದ ಚರಿತ್ರೆಗಳಲ್ಲಿ ಇಷ್ಟು ನ್ಯಾಯವಾದ ಪುಟವನ್ನು ಕಂಡಿಲ್ಲ. ಕಮೋಡೋರ್ ಜಾರ್ಜ್ ಆನ್ಸನ್‌ನ ತಟ್ಟೆಗಳೂ ಹೀಗೆಯೇ ಸ್ಮರಣೀಯ. 1743ರಲ್ಲಿ ಅವನು ಕ್ಯಾಂಟನ್ನಿನಲ್ಲಿದ್ದಾಗ ನಗರಕ್ಕೆ ಬೆಂಕಿ ಬಿತ್ತು. ಅವನ ನಾವಿಕರು ಆರಿಸಲು ನೆರವಾದರು. ಕೃತಜ್ಞರಾದ ವರ್ತಕರು ಆ ತಟ್ಟೆಗಳನ್ನು ಕಾಣಿಕೆಯಾಗಿ ಕೊಟ್ಟರೆಂದು ಹೇಳುತ್ತಾರೆ. ಲಾಂಛನದ ಜೊತೆಗೆ ಅವುಗಳಲ್ಲಿ ಒಂದು ದೀವಿಹಲಸಿನ ಮರವಿದೆ. ಶಾಂತಸಾಗರದ ಟಿನಿಯನ್ ದ್ವೀಪದಲ್ಲಿ ನಾವಿಕರ ಹಸಿವನ್ನು ನೀಗಿದ್ದು ಆ ಮರದ ಹಣ್ಣು. ಜಂಭಕ್ಕೆಂದು ಹುಟ್ಟಿದ ತಟ್ಟೆಯ ಮೇಲೆ ಇಲ್ಲಿ ಋಣದ ನೆನಪು ಮೂಡಿದೆ.

ಇಂಥ ಸಾಮಾನಿಗೆ ಯೂರೋಪು ಇಟ್ಟ ಹೆಸರುಗಳನ್ನು ಗಮನಿಸಿ. ಫ್ರೆಂಚರು ಅದನ್ನು ಇಂಡೀಸ್ ಕಂಪನಿಯ ಪಿಂಗಾಣಿ ಎಂದರು. ಜೇಡಿಯನ್ನು ಮುಟ್ಟದ ಕಂಪನಿಗೆ ಕೀರ್ತಿ! ಇಂಗ್ಲೆಂಡಿನಲ್ಲಿ ಇನ್ನೂ ವಿಚಿತ್ರ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಚ್ಯಾಫರ್ಸ್ ಎಂಬ ಪಿಂಗಾಣಿ ಪಂಡಿತ, ಇವೆಲ್ಲ ಲೋಸ್ಟಾಫ್ಟ್ ಎಂಬ ಇಂಗ್ಲಿಷ್ ಊರಿನ ಸಣ್ಣ ಕಾರ್ಖಾನೆಗೆ ಸೇರಿದವೆಂದು ಸಾರಿದ. ಆ ಕಾರ್ಖಾನೆ ನಡೆದದ್ದು ಅರ್ಧ ಶತಮಾನಕ್ಕಿಂತ ಕಡಮೆ ಕಾಲ. ಅದರ ಸಾಮಾನಿನ ಜಾತಿಯೇ ಬೇರೆ. ಆದರೂ ಆ ಮಾತು ಎಷ್ಟು ಬೇರೂರಿತೆಂದರೆ, ತಪ್ಪೆಂದು ಗೊತ್ತಾದ ಮೇಲೂ 'ಓರಿಯಂಟಲ್ ಲೋಸ್ಟಾಫ್ಟ್' ಎಂಬ ಹೆಸರು ಹಳೆಯ ವಸ್ತುಗಳ ಪೇಟೆಯಲ್ಲಿ ಬಹುಕಾಲ ಓಡಾಡಿತು. ತಟ್ಟೆ ಕೊಂಡವನಿಗೆ ಹೆಸರು ಬಂತು, ತಂದವನಿಗೆ ಹೆಸರು ಬಂತು, ಸಂಬಂಧವೇ ಇಲ್ಲದ ಇನ್ನೊಂದು ಊರಿಗೂ ಹೆಸರು ಬಂತು. ಎಪ್ಪತ್ತು ಜನರಲ್ಲಿ ಒಬ್ಬನಿಗೂ ಬರಲಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳನ್ನೂ ಪರಿಶೀಲಿಸುವುದು ಧರ್ಮ. ಗಿರಾಕಿಯಿಲ್ಲದೆ ಈ ತಟ್ಟೆಗಳೇ ಇರುತ್ತಿರಲಿಲ್ಲ, ಆದ್ದರಿಂದ ಅವು ಅವನವೇ ಎನ್ನಬಹುದು. ಗಿರಾಕಿಗೆ ಸಲ್ಲಬೇಕಾದದ್ದು ಸಲ್ಲಲಿ. ಅವನ ಜಂಭದಿಂದ ವಿದ್ವತ್ತಿಗೆ ಒಂದು ದೊಡ್ಡ ಉಪಕಾರವೂ ಆಗಿದೆ. ಗಂಡನ ಲಾಂಛನವನ್ನೂ ಹೆಂಡತಿಯ ತವರಿನ ಲಾಂಛನವನ್ನೂ ಒಂದೇ ಗುರಾಣಿಯಲ್ಲಿ ಪಕ್ಕಪಕ್ಕದಲ್ಲಿ ತೋರಿಸುವ ಪದ್ಧತಿಯಿದೆ. ಮದುವೆಯ ಇಸವಿ, ಪದವಿ ಬಂದ ಇಸವಿ, ಸತ್ತ ಇಸವಿ ದಾಖಲೆಗಳಲ್ಲಿ ಸಿಗುತ್ತವೆ. ಹೀಗೆ ತಟ್ಟೆಯ ಕಾಲ ಖಚಿತವಾದರೆ, ಅದೇ ಬಗೆಯ ಅಂಚುಪಟ್ಟಿ, ಅದೇ ಬಣ್ಣವುಳ್ಳ ಇತರ ಚೀನೀ ಪಿಂಗಾಣಿಯ ಕಾಲವೂ ಗೊತ್ತಾಗುತ್ತದೆ. ಡೇವಿಡ್ ಸ್ಯಾಂಕ್ಚುಯರಿ ಹವರ್ಡ್ ಎಂಬ ವಿದ್ವಾಂಸ 1974ರಲ್ಲಿ ಒಂದು, 2003ರಲ್ಲಿ ಇನ್ನೊಂದು ಬೃಹತ್ ಸಂಪುಟವನ್ನು ಪ್ರಕಟಿಸಿ, ಬ್ರಿಟನ್ನಿಗೆ ಬಂದ ಸಾವಿರಾರು ಸೆಟ್ಟುಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದಾನೆ. ಇದು ಶ್ಲಾಘ್ಯವಾದ ಕೆಲಸ. ಆದರೆ ತಟ್ಟೆಗೆ ಇಸವಿಯನ್ನು ಒದಗಿಸಿದವನು ಬೇರೆ, ತಟ್ಟೆಯನ್ನು ಒದಗಿಸಿದವನು ಬೇರೆ.

ಎಪ್ಪತ್ತು ಜನರಲ್ಲಿ ಯಾರ ಹೆಸರನ್ನು ಬರೆಯಬೇಕು, ದಾಖಲೆಯೆಲ್ಲಿದೆ ಎಂದು ಎರಡನೆಯ ಆಕ್ಷೇಪ. ಇದು ನಿಜವಾದ ತೊಡಕು. ಈ ರಫ್ತಿನ ತಟ್ಟೆಗಳ ತಳದಲ್ಲಿ ಬಹುಮಟ್ಟಿಗೆ ಯಾವ ಮುದ್ರೆಯೂ ಇರುವುದಿಲ್ಲ. ಆದರೆ ಹೆಸರು ಸಿಗದಿದ್ದರೆ ಊರನ್ನು ಹೇಳಬಹುದು, ಕೆಲಸವನ್ನು ಹೇಳಬಹುದು. ಜೇಡಿ ಎಲ್ಲಿಯದು, ತಿಗರಿ ಎಲ್ಲಿಯದು, ಬಣ್ಣ ಹಾಕಿದ ಪಡಸಾಲೆ ಎಲ್ಲಿತ್ತು, ಎಷ್ಟು ಕೈಗಳು ದುಡಿದವು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಲು ದಾಖಲೆಗೇನೂ ಕೊರತೆಯಿಲ್ಲ. ಕೊರತೆಯಿರುವುದು ಬರೆಯಬೇಕೆಂಬ ಮನಸ್ಸಿಗೆ.

ಆ ಕುಶಲಕರ್ಮಿಗಳಿಗೆ ಕೂಲಿ ಸಂದಿತು, ಹೆಸರಿನ ಆಸೆ ಅವರಿಗಿರಲಿಲ್ಲ, ನಾವೇಕೆ ಮರುಗಬೇಕು ಎಂಬುದು ಮೂರನೆಯ ಮಾತು. ಇದಕ್ಕೆ ಆ ಪಾದ್ರಿಯ ಪತ್ರದಲ್ಲಿಯೇ ಉತ್ತರವಿದೆ. ಯೂರೋಪಿಗೆಂದು ಮಾಡುವ ಸಾಮಾನು ವಿಚಿತ್ರ ಮಾದರಿಗಳದಾದ್ದರಿಂದ ಕೆಡುವುದು ಹೆಚ್ಚು. ಅಲ್ಪಸ್ವಲ್ಪ ಕುಂದಿದ್ದರೂ ವರ್ತಕರು ಒಲ್ಲೆನ್ನುತ್ತಿದ್ದರು. ಹಾಗೆ ಮರಳಿಸಿದ್ದನ್ನು ಚೀನೀಯರಿಗೆ ಮಾರೋಣವೆಂದರೆ ಅದು ಅವರ ಅಭಿರುಚಿಗೆ ಹಿಡಿಸುತ್ತಿರಲಿಲ್ಲ. ಮಾಡಿದವನ ಕೈಯಲ್ಲೇ ಅದು ಉಳಿಯುತ್ತಿತ್ತು. ಯಾರದೋ ಕುಲದ ಸಿಂಹ ಬಿರುಕುಬಿಟ್ಟ ತಟ್ಟೆಯನ್ನು ಜಿಂಗ್‌ಡೆಜೆನ್ನಿನ ಬಡ ಕುಂಬಾರ ಏನು ಮಾಡಬೇಕು? ಅದಕ್ಕೆ ಎರಡನೆಯ ಗಿರಾಕಿ ಲೋಕದಲ್ಲೇ ಇಲ್ಲ. ಗೆದ್ದ ತಟ್ಟೆಗೆ ಗಿರಾಕಿಯ ಹೆಸರು, ಸೋತ ತಟ್ಟೆಗೆ ಕುಂಬಾರನ ನಷ್ಟ. ಲಾಭನಷ್ಟದ ಈ ಹಂಚಿಕೆ ಕಂಡಮೇಲೂ ಕೂಲಿ ಸಂದಿತೆಂದು ಕೈತೊಳೆದುಕೊಳ್ಳುವುದು ಸರಿಯಲ್ಲ.

ಈ ವ್ಯಾಪಾರ ಬಹಳ ಕಾಲ ನಿಲ್ಲಲಿಲ್ಲ. 1710ರಲ್ಲಿ ಜರ್ಮನಿಯ ಮೈಸೆನ್ನಿನಲ್ಲಿ ಪಿಂಗಾಣಿಯ ಕಾರ್ಖಾನೆ ಎದ್ದಿತು. ಗುಟ್ಟು ಊರಿಂದೂರಿಗೆ ಹಬ್ಬಿತು. ಇಂಗ್ಲೆಂಡಿನ ಕಾರ್ಖಾನೆಗಳು ಅಗ್ಗವಾದ, ಅಂದವಾದ ಸಾಮಾನನ್ನು ಮನೆಬಾಗಿಲಲ್ಲೇ ಒದಗಿಸತೊಡಗಿದವು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚೀನೀ ಪಿಂಗಾಣಿಯ ಸಗಟು ಆಮದನ್ನು ನಿಲ್ಲಿಸಿತು. ಲಾಂಛನ ಬರೆಸುವ ಗೀಳೂ ಕ್ರಮೇಣ ಇಳಿಯಿತು. ತಟ್ಟೆಗಳು ಊಟದ ಮೇಜಿನಿಂದ ಬೀರುವಿಗೂ, ಬೀರುವಿನಿಂದ ಹರಾಜಿಗೂ, ಅಲ್ಲಿಂದ ವಸ್ತುಸಂಗ್ರಹಾಲಯಕ್ಕೂ ನಡೆದವು. ಅವುಗಳ ಮೇಲೆ ಮೆರೆದ ಮನೆತನಗಳಲ್ಲಿ ಎಷ್ಟೋ ನಿರ್ವಂಶವಾಗಿವೆ. ಜಿಂಗ್‌ಡೆಜೆನ್ನಿನಲ್ಲಿ ಮಾತ್ರ ಇಂದಿಗೂ ಪಿಂಗಾಣಿಯ ಕೆಲಸ ನಡೆಯುತ್ತಿದೆ.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ವಸ್ತುಸಂಗ್ರಹಾಲಯಗಳಲ್ಲಿ ಇಂಥ ತಟ್ಟೆಯ ಕೆಳಗಿನ ಚೀಟಿಯಲ್ಲಿ ಮೊದಲ ಸಾಲು ಮಾಡಿದವರಿಗೆ ಮೀಸಲಾಗಲಿ, ಎರಡನೆಯ ಸಾಲು ಬರೆಸಿದವರಿಗೆ. ಇತಿಹಾಸ ಓದುವ ನಾವೂ ಈ ಕ್ರಮವನ್ನು ರೂಢಿಮಾಡಿಕೊಳ್ಳೋಣ. ಪಠ್ಯಪುಸ್ತಕದಲ್ಲಿ ಇಂಥ ದೊರೆ ಇಂಥದನ್ನು ಕಟ್ಟಿಸಿದ, ಬರೆಸಿದ, ಮಾಡಿಸಿದ ಎಂಬ ವಾಕ್ಯ ಬಂದಾಗಲೆಲ್ಲ ಕ್ರಿಯಾಪದದ ಕಡೆ ಒಮ್ಮೆ ನೋಡೋಣ. ನಮ್ಮ ವ್ಯಾಕರಣದಲ್ಲಿ 'ಇಸು' ಎಂಬ ಪುಟ್ಟ ಪ್ರತ್ಯಯವೊಂದಿದೆ. ಮಾಡಿದವನು ಒಬ್ಬ, ಮಾಡಿಸಿದವನು ಇನ್ನೊಬ್ಬ ಎಂದು ಅದು ಪ್ರಾಮಾಣಿಕವಾಗಿ ಸಾರುತ್ತಲೇ ಇದೆ. ಮಾಡಿಸಿದವನ ಹೆಸರನ್ನು ಬಾಯಿಪಾಠ ಮಾಡಿದ ಮೇಲೆ, ಹಾಗಾದರೆ ಮಾಡಿದವರು ಯಾರು ಎಂದು ಎದ್ದುನಿಂತು ಕೇಳುವ ವಿದ್ಯಾರ್ಥಿ ತರಗತಿಗೊಬ್ಬನಾದರೂ ಇರಲಿ. ಅವನನ್ನು ಕುಳಿತುಕೊಳ್ಳೆನ್ನದೆ ಉತ್ತರ ಹುಡುಕಲು ಗ್ರಂಥಾಲಯಕ್ಕೆ ಕಳಿಸುವ ಗುರುಗಳೂ ಇರಲಿ.